ಅಕ್ಕನ ಸೈಟಿನ ಕೆಳಗೊಂದು ಊರು

ನೆಲವನ್ನು ಅಗೆಯದೆಯೇ ಅದರ ಹೊಟ್ಟೆಯಲ್ಲೇನಿದೆ ಎಂದು ಹೇಳುವುದು ರಾಡಾರ್ ಚಿಕ್ಕಮ್ಮನ ಕಸುಬು. ಆ ಹೆಸರಿಟ್ಟವರು ಅವಳ ಅಕ್ಕನ ಮಕ್ಕಳು. ಹುಲ್ಲು ಕತ್ತರಿಸುವ ಯಂತ್ರದಂಥ ಗಾಡಿಯೊಂದನ್ನು, ಕಟ್ಟಿದ ಹಗ್ಗದ ಗುಂಟ ಒಂದಿಷ್ಟೂ ಓರೆಯಾಗದಂತೆ ಅವಳು ತಳ್ಳಿಕೊಂಡು ಹೋಗಬೇಕು. ಗಾಡಿ ನೆಲದೊಳಕ್ಕೆ ಅಲೆಗಳನ್ನು ಕಳಿಸುತ್ತದೆ. ಹೂತುಹೋದ ಗೋಡೆಗೆ ಬಡಿದ ಅಲೆ ಮರಳಿ ಬಂದು ಪರದೆಯ ಮೇಲೆ ಗೆರೆಯಾಗುತ್ತದೆ. ಆ ಗೆರೆಗಳನ್ನೆಲ್ಲ ಜೋಡಿಸಿದರೆ ಎಂದೋ ಮಣ್ಣುಪಾಲಾದ ಬೀದಿ, ಬಾವಿ, ಮನೆಗಳ ನಕ್ಷೆ ಸಿದ್ಧ. ಊರೂರು ಅಲೆಯುವ ಬದುಕು, ಬಾಡಿಗೆ ಕೋಣೆ, ಒಂದೇ ಪೆಟ್ಟಿಗೆ. ಮದುವೆಯ ಮಾತೆತ್ತಿದವರಿಗೆ, "ಬಿಸಿಲಲ್ಲಿ ನನ್ ಗಾಡಿ ತಳ್ಳೋ ಗಂಡಿದ್ರೆ ತೋರಿಸಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥ ಗಂಡು ಸಿಗಲಿಲ್ಲ, ಇವಳೂ ಹುಡುಕಲಿಲ್ಲ.

ಹೂತುಹೋದ ಹಳೆಯ ನಗರವೊಂದರ ಜಾಡು ಹಿಡಿದು ಹೋಗುತ್ತಾ ಹೋಗುತ್ತಾ ಗಾಡಿ ಒಂದು ದಿನ ಅಕ್ಕನ ಸೈಟಿಗೇ ಬಂದು ನಿಂತಿತು. ಅಕ್ಕ ಭಾವ ಇಬ್ಬರೂ ಟೈಲರುಗಳು. ಬೆನ್ನು ಬಾಗುವಷ್ಟು ಹೊಲಿದು ಕೊಂಡ ಜಾಗ ಅದು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ಅಕ್ಕ ಕಿಟಕಿಗಳಿಗೆ ಬಟ್ಟೆ ಕೂಡ ಹೊಲಿದಿಟ್ಟಿದ್ದಳು. ಈಗ ನೆಲದಡಿ ಹಳೆಯ ಗೋಡೆ ಕಂಡರೆ ಅದರ ಮೇಲೆ ಮನೆ ಕಟ್ಟುವಂತಿಲ್ಲ.

"ಸಾರ್, ನಮ್ಮಕ್ಕನ ಜಾಗ. ಬೇರೆ ಯಾರನ್ನಾದ್ರೂ ಕಳಿಸಿ" ಎಂದು ಚಿಕ್ಕಮ್ಮ ಪುರಾತತ್ವ ಇಲಾಖೆಯ ಅಧಿಕಾರಿಯನ್ನು ಬೇಡಿಕೊಂಡಳು.

"ಬೇರೆ ಯಾರಿದ್ದಾರಮ್ಮ? ಅಕ್ಕ ತಂಗಿ ಅನ್ನೋದೆಲ್ಲ ಗಾಡಿಗೆ ಗೊತ್ತಾಗುತ್ತಾ?" ಎಂದು ಆತ ನಕ್ಕುಬಿಟ್ಟ.

ಬೆಳಗಿನಿಂದ ತಳ್ಳಿದರೂ ಪರದೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಚಿಕ್ಕಮ್ಮನಿಗೆ ಮಾತ್ರ ಅನುಮಾನ. ಪಕ್ಕದ ಸೈಟಿನಲ್ಲಿ ನೆಟ್ಟಗೆ ಬರುತ್ತಿದ್ದ ಗೋಡೆ ಬೇಲಿಯ ಹತ್ತಿರ ಮಾಯವಾಗುವುದೆಂದರೇನು? ಕೂತು ಮಣ್ಣು ಕೆದಕಿದಳು. ಮೇಲೆ ಒಣಗಿದ್ದರೂ ಒಳಗೆಲ್ಲ ಕೆಸರು.

"ಅಕ್ಕಾ, ನೀರು ಬಿಟ್ಟಿದ್ಯಾ?"

"ಹೂಂ ಕಣೇ, ನಿನ್ನೆಯೆಲ್ಲ ಪೈಪ್ ಬಿಟ್ಟಿದ್ದೆ. ಧೂಳೆದ್ರೆ ನಿಂಗೆ ಕೆಮ್ಮು ಬರುತ್ತಲ್ಲ."

ಒದ್ದೆ ಜೇಡಿಮಣ್ಣು ಅಲೆಗಳನ್ನೆಲ್ಲ ನುಂಗಿಬಿಡುತ್ತದೆ. ಪರದೆ ಖಾಲಿ ಎಂದ ಮಾತ್ರಕ್ಕೆ ನೆಲ ಖಾಲಿಯಲ್ಲ. 'ಏನೂ ಇಲ್ಲ' ಎಂದುಬಿಡೋಣವೇ? ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪಾಯ ತೋಡುವವನ ಗುದ್ದಲಿ ಆ ಗೋಡೆಯನ್ನು ಪುಡಿಮಾಡುವುದನ್ನು ನೆನೆದು ಆ ಮಾತನ್ನು ನುಂಗಿ ಗಾಡಿಯನ್ನು ಬದಿಗೆ ಸರಿಸಿದಳು.

"ನೆಲ ಒಣಗ್ಲಿ ಅಕ್ಕಾ. ಮತ್ತೆ ನೋಡ್ಬೇಕು."

"ಒಡಹುಟ್ಟಿದವಳಿಗಿಂತ ಯಾರೋ ಸತ್ತವರ ಗೋಡೆ ಹೆಚ್ಚಾಯ್ತಾ ನಿಂಗೆ?" ಎಂದವಳೇ ಅಕ್ಕ ಮಾತು ಬಿಟ್ಟಳು. ಎದುರಿಗೇ ಕೂತಿದ್ದರೂ, "ಅವಳಿಗೆ ಟೀ ಬೇಕಾ ಕೇಳ್ರೀ" ಎಂದು ಗಂಡನಿಗೆ ಹೇಳುವಳು. ಇಬ್ಬರ ನಡುವೆ ಸುದ್ದಿ ಸಾಗಿಸಿ ಭಾವ ಹೈರಾಣಾದರು.

ನೆಲ ಒಣಗಿದ ಮೇಲೆ ಗೋಡೆಗಳು ಸಾಲಾಗಿ ಎದ್ದು ಬಂದವು: ಅಂಗಳ, ಒಲೆಮನೆ, ಹೊಸ್ತಿಲು, ಇಡೀ ಒಂದು ಮನೆ. ರಸ್ತೆಯ ಕಡೆಯ ಮೂಲೆಯಷ್ಟೇ ಖಾಲಿ. ಕಟ್ಟುವುದಾದರೆ ಅಲ್ಲಿ ಮಾತ್ರ ಎಂದು ಅಧಿಕಾರಿ ಅನುಮತಿ ಕೊಟ್ಟ.

ಬೈಸಿಕೊಳ್ಳಲು ಸಜ್ಜಾಗಿಯೇ ಚಿಕ್ಕಮ್ಮ ನಕ್ಷೆ ತಂದು ಅಕ್ಕನ ಮುಂದಿಟ್ಟಳು. ಅಕ್ಕ ಅದರಲ್ಲಿ ಉಳಿದಿದ್ದ ಮೂಲೆಯನ್ನು ತನ್ನ ಟೇಪಿನಿಂದ ಅಳೆದಳು. ಆಮೇಲೆ ತನ್ನ ಮನೆಯ ಪ್ಲಾನು ಬಿಡಿಸಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಒಂದು ಕೋಣೆಯನ್ನು ಹೊಡೆದುಹಾಕಿದಳು.

"ಯಾರದಕ್ಕಾ ಅದು?"

"ನಿಂದೇ. ಕೆಲಸ ಮುಗಿದ್ಮೇಲೆ ಪೆಟ್ಟಿಗೆ ಹಿಡ್ಕೊಂಡು ಇನ್ನೆಲ್ಲಿಗೆ ಹೋಗ್ತೀಯ ಅಂತ ಇಟ್ಟಿದ್ದೆ. ಕೈಯಾರೆ ಕಳ್ಕೊಂಡೆಯಲ್ಲೇ, ಪೆದ್ದೀ!"

ಚಿಕ್ಕಮ್ಮ ನಕ್ಷೆಯ ಮೇಲೆ ಬಿದ್ದ ಕಣ್ಣೀರನ್ನು ಅಂಗೈಯಿಂದ ಒರೆಸಿದಳು. ತನಗೂ ಒಂದು ಮನೆಯಿದೆ ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ.

"ಅಳೋದೇನು ಬೇಡ. ನೀನು ನನ್ನ ಮಗ್ಗುಲಲ್ಲೇ ಮಲಕ್ಕೋ. ನಿಮ್ ಭಾವ ಹಾಲ್‌ನಲ್ಲಿ ಬಿದ್ಕೊಳ್ಳಲಿ."

"ಇದಕ್ಕೆ ಅನುಮತಿ ಕೊಟ್ಟೋರು ಯಾರು?" ಎಂದು ಭಾವ ಹೊಲಿಗೆ ಯಂತ್ರದ ಹಿಂದಿನಿಂದ ಕೂಗಿದರು. ಅಕ್ಕ ತಂಗಿ ಇಬ್ಬರೂ ಅವರತ್ತ ತಿರುಗಿಯೂ ನೋಡಲಿಲ್ಲ.