ಅಮಾವಾಸ್ಯೆಯಂದು ಕೆಡದ ಕಂಪ್ಯೂಟರ್

ಚರ್ಚಾಸ್ಪರ್ಧೆಯಲ್ಲಿ ಒಂದು ಕಟ್ಟಳೆ ಇದೆ: ಒಮ್ಮೆ ‘ಪರ’ ಎಂದು ಎದ್ದು ನಿಂತ ಮೇಲೆ ಎದುರಾಳಿಯ ಮಾತು ಎಷ್ಟೇ ಸರಿ ಕಂಡರೂ ತಲೆ ಆಡಿಸಬಾರದು. ಬೈಲಹೊಂಗಲದ ಕಾಲೇಜಿನಲ್ಲಿ ಇದನ್ನೇ ಚೆನ್ನಾಗಿ ರೂಢಿಸಿಕೊಂಡಿದ್ದ ನಾನು ಮನೆಯಲ್ಲಿ, ಕಂಪ್ಯೂಟರಿನ ಆಟಗಳನ್ನು ಸರಾಗ ಓಡಿಸುವ ಗ್ರಾಫಿಕ್ಸ್ ಕಾರ್ಡಿನ ಪರ ಎದ್ದು ನಿಂತಿದ್ದೆ.

ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್. ಕರೆಂಟ್ ಬಂತೆಂದರೆ ಎರಡೂ ಕೂಡಿಯೇ ಶುರು; ಗಿರಣಿ ಮಾತ್ರ ಗಿರಾಕಿ ಬಂದಂತೆ ನಿಂತು ನಿಂತು ಮತ್ತೆ ಶುರುವಾಗುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆ ಕೊಂಡ ಆ ಕಂಪ್ಯೂಟರಿಗೆ ಐದಾರು ವರ್ಷಕ್ಕೇ ಮುಪ್ಪು ಬಂದಿತ್ತು. ಹೊಸ ಕಾರ್ ರೇಸಿನ ಆಟ ಹಾಕಿದರೆ ಕಾರು ಮುಗ್ಗರಿಸುತ್ತ ಓಡುತ್ತಿತ್ತು. ಅದನ್ನಾದರೂ ಸಹಿಸಬಹುದು, ಗೆಲ್ಲುವ ಹೊತ್ತಿಗೆ ಪರದೆ ಕಪ್ಪಾಗಿ ಎಲ್ಲ ಮೊದಲಿನಿಂದ ಶುರುವಾಗುತ್ತಿತ್ತಲ್ಲ, ಅದನ್ನು ಸಹಿಸುವುದು ಹೇಗೆ?

ನೇಸರಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಕಾಕಾನ ಕಣ್ಣು ಅದರ ಮೇಲಿತ್ತು. “ನನಗ ಕೊಡ್ರಿ, ಬಿಲ್ ಹೊಡಿಯಾಕ ಬರತೈತಿ” ಎಂದು ಬಂದಾಗಲೆಲ್ಲ ಅನ್ನುತ್ತಿದ್ದ. ಕಡೆಗೆ ಅಪ್ಪ ತೀರ್ಪು ಕೊಟ್ಟ: “ಒಂದ ಸಾಮಾನು ಕೊಡಸ್ತೇನಿ. ಆಮ್ಯಾಲೂ ಹಿಂಗ ಬಂದ್ ಬಿತ್ತಂದ್ರ ಅದು ಕಾಕಾಂದು. ಮತ್ತ ಭಾಷಣ ಮಾಡಬ್ಯಾಡ.”

“ಕಾರ್ಡು, ಅಪ್ಪಾ. ಎರಡನೇ ಮಾತಿಲ್ಲ.”

ಎರಡನೇ ಮಾತು ಅವ್ವನ ಕಡೆಯಿಂದ ಬಂತು. ಅಮಾವಾಸ್ಯೆಯ ದಿನ ನಾವು ಗಿರಣಿ ಹಚ್ಚುವುದಿಲ್ಲ. ಅವ್ವ ಅದನ್ನು ಒರೆಸಿ, ಕುಂಕುಮ ಇಟ್ಟು, ಕಾಯಿ ಒಡೆಯುತ್ತಾಳೆ. ಕೈಯಲ್ಲಿ ಉಳಿದ ಕುಂಕುಮವನ್ನು ಕಂಪ್ಯೂಟರಿಗೂ ಒತ್ತುತ್ತಾಳೆ. ಆ ಸಲದ ಅಮಾವಾಸ್ಯೆಗೆ ನಾನು ಮುಂಜಾನೆಯಿಂದ ಸಂಜೆಯ ತನಕ ಆಡಿದರೂ ಅದು ಒಮ್ಮೆಯೂ ಬಂದ್ ಬೀಳಲಿಲ್ಲ.

“ನೋಡಿದಿ? ಕುಂಕುಮ ಹಚ್ಚೇನಲ್ಲ, ಅದಕ್ಕ.”

“ಯವ್ವಾ, ಪುರಾವೆ ಏನು?”

“ಕಣ್ಣಮುಂದ ಓಡಾಕತ್ತೈತಲ್ಲೋ, ಇನ್ನೇನ ಬೇಕ ನಿನಗ?”

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನು ಇದನ್ನು ಒಪ್ಪಿಯಾನೆ? ಆ ದಿನ ಇದ್ದದ್ದು ಕುಂಕುಮ ಮಾತ್ರವಲ್ಲ, ಗಿರಣಿಯೂ ಬಂದಾಗಿತ್ತಲ್ಲ! ಮರುದಿನ ಕುಂಕುಮ ಒರೆಸಿ, ಅಪ್ಪನನ್ನು ಕಾಡಿ ಬೇಡಿ, ತುಂಬಿದ ಪಾಳಿಯ ನಡುವೆ ಗಿರಣಿ ನಿಲ್ಲಿಸಿದೆ. ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಯ ಮುಂದೆ ಕುಳಿತಿದ್ದ ಸಂಪಗಾವಿಯ ಅಜ್ಜಿ ಎದ್ದು ನಿಂತಳು.

“ಕರೆಂಟ್ ಐತಲ್ಲಾ, ಯಾಕ ನಿಲ್ಲಿಸಿದ್ರಿ?”

“ಮಗಾ ಪರೀಕ್ಷಾ ಮಾಡಾಕತ್ತಾನ್ರಿ” ಎಂದ ಅಪ್ಪ.

“ಪಾಸಾದ್ರ ನಮ್ಮ ಜ್ವಾಳ ಬೀಸ್ತಾನೋ, ಫೇಲಾದ್ರ ಬೀಸ್ತಾನೋ?”

ಗಿರಣಿ ಬಂದ್, ಆಟ ಚಾಲೂ: ಕಾರು ಮುಗ್ಗರಿಸುತ್ತಲೇ ಓಡಿತು. ಆಟ ಬಂದ್ ಮಾಡಿ ಗಿರಣಿ ಹಚ್ಚಿಸಿದೆ: ದೀಪ ಒಂದಿಷ್ಟು ಮಂಕಾಯಿತು, ಕಂಪ್ಯೂಟರ್ ಜಗ್ಗಲಿಲ್ಲ. ಆಟ ಹಾಕಿಕೊಂಡೇ ಗಿರಣಿ ಹಚ್ಚಿಸಿದೆ: ಮೋಟರ್ ಗುರ್ ಅಂದದ್ದೇ ತಡ, ಪರದೆ ಕಪ್ಪು. ಮತ್ತೆ ಮಾಡಿಸಿದೆ, ಮತ್ತೆ ಕಪ್ಪು.

ಅವ್ವನ ಕುಂಕುಮದ ವಾದ ಬಿದ್ದುಹೋಯಿತು. ಜೊತೆಗೆ ನನ್ನ ಕಾರ್ಡಿನದೂ ಬಿತ್ತು! ಗಿರಣಿ ಶುರುವಾದಾಗ ಕರೆಂಟ್ ಒಂದು ಕ್ಷಣ ಕುಗ್ಗುತ್ತದೆ. ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಹಳೆಯ ಪವರ್ ಸಪ್ಲೈ, ಆಟದ ಭಾರ ಹೊತ್ತದ್ದು, ಆಗ ಕೈ ಬಿಡುತ್ತದೆ. ಹೊಸ ಕಾರ್ಡ್ ಹಾಕಿದರೆ ಅದು ಇನ್ನಷ್ಟು ಕರೆಂಟ್ ಎಳೆದು, ಕಂಪ್ಯೂಟರನ್ನು ನೆಟ್ಟಗೆ ನೇಸರಗಿಗೆ ಕಳಿಸುತ್ತದೆ. ನನ್ನ ವಾದಕ್ಕೆ ನಾನೇ ವಿರೋಧಿ. ಮರುದಿನ “ಕಾರ್ಡ್ ಬ್ಯಾಡಪಾ, ಪವರ್ ಸಪ್ಲೈ ಕೊಡಸು” ಎಂದೆ; ಜ್ವರ ಬಂದಿರಬೇಕು ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಬೆಳಗಾವಿಯ ಅಂಗಡಿಯಿಂದ ಪವರ್ ಸಪ್ಲೈ ತಂದು ಬಿಚ್ಚಿದಾಗ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇಷ್ಟು ವಾದಾ ಮಾಡಿ ಈ ತಗಡಿನ ಡಬ್ಬಿ ತಂದೇನೋ? ಕಾರ್ ಜೋರ್ ಓಡತೈತೇನು?”

“ಇಲ್ಲಪಾ. ಸಾಯೂದಿಲ್ಲ, ಅಷ್ಟ.”

ಆ ಭಾನುವಾರ ಕಾಕಾ ಬಂದ, ಕಂಪ್ಯೂಟರ್ ಕಟ್ಟಿಕೊಂಡು ಹೋಗಲು ಬಗಲಲ್ಲಿ ಹಳೆಯ ಚಾದರ ಹಿಡಿದುಕೊಂಡೇ. ನಾನು ಆಟ ಹಚ್ಚಿದೆ. ಅಪ್ಪ ಮುಂದೆ ಹೋಗಿ ಗಿರಣಿ ಹಚ್ಚಿದ. ಮೋಟರ್ ಗುರ್ ಅಂದಿತು. ದೀಪ ಮಂಕಾಯಿತು. ಕಾರು ಮುಗ್ಗರಿಸಿತು, ಓಡಿತು.

“ಇದು ಓಡಾಕತ್ತಿಲ್ಲೋ, ಕುಂಟಾಕತ್ತೈತಿ” ಎಂದ ಕಾಕಾ.

“ಕುಂಟಲಿ ಬಿಡೋ, ಬಿದ್ದಿಲ್ಲಲ್ಲ” ಎಂದ ಅಪ್ಪ, ಬಾಗಿಲಲ್ಲೇ ನಿಂತು.

ಆಗಲೇ ನನಗೆ ಕಂಡದ್ದು: ಕಂಪ್ಯೂಟರ್ ಡಬ್ಬದ ನೆತ್ತಿಯ ಮೇಲೆ ಹಸಿಹಸಿ ಕುಂಕುಮ. ಯಾವಾಗ ಇಟ್ಟಿದ್ದಳೋ! ಹಿಂದೆ ನಿಂತಿದ್ದ ಅವ್ವ, “ಈಗೇನಂತೀ?” ಅಂದಳು.

ನಿಜವಾದ ತರ್ಕಿಯಾದರೆ ಕುಂಕುಮ ಒರೆಸಿ ಇನ್ನೊಮ್ಮೆ ಗಿರಣಿ ಹಚ್ಚಿಸಬೇಕು. ಕಾಕಾನ ಬಗಲಲ್ಲಿದ್ದ ಚಾದರ ನೋಡಿದೆ. ಒರೆಸಲು ಎತ್ತಿದ ಕೈಯನ್ನು ಮೆಲ್ಲಗೆ ಕೀಬೋರ್ಡಿನ ಮೇಲಿಟ್ಟೆ.