ಯಜ್ಞೇಶ್ವರ ಮಾವ ಕೂಗಿದ ಆರ್ಡರು

ಯಜ್ಞೇಶ್ವರ ಮಾವ ನನ್ನ ಗಂಡನ ಸೋದರಮಾವ. ಬದುಕಿಡೀ ಉಡುಪಿ ಹೋಟೆಲುಗಳಲ್ಲಿ ಸಪ್ಲೈಯರ್ ಆಗಿ ದುಡಿದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಉಳಿದವರು ಕಾಶಿಗೆ ಹೋದರೆ ಇವರು ಮತ್ತೆ ಹೋಟೆಲಿಗೇ ಹೋದರು, ಈ ಸಲ ಕೂತು ತಿನ್ನಲು. ಅವರ ಹೆಂಡತಿ ವಾರಿಜತ್ತೆಯದೂ ಅದೇ ಭಕ್ತಿ.

ಸೂರತ್ತಿನ ಪ್ಲೇಗಿನ ಸುದ್ದಿ ತಣ್ಣಗಾದ ಮೇಲಿನ ಒಂದು ಭಾನುವಾರ ಇಬ್ಬರೂ ಠಾಣೆಯ ಕೋಪರಿಯಲ್ಲಿದ್ದ ನಮ್ಮ ಮನೆಗೆ ಬಂದರು. ನನ್ನ ಗಂಡನಿಗೆ ಅಂದೂ ಡ್ಯೂಟಿ.

"ಪೂಜಿತಾ, ಇವತ್ತು ಒಲೆ ಹಚ್ಚುವುದು ಬೇಡ. ತಿಂಡಿ ಠಾಣೆಯಲ್ಲಿ, ಊಟ ಡೊಂಬಿವಲಿಯಲ್ಲಿ, ಸಂಜೆ ಕಲ್ಯಾಣದಲ್ಲಿ ಗೋಳಿಬಜೆ," ಎಂದರು ಮಾವ.

ಹೋಟೆಲಿನ ನೀರೆಂದರೆ ನನಗೆ ಭಯ. ಎರಡು ವರ್ಷದ ನನ್ನ ರಿತೇಶ್ ಏನೂ ತಿನ್ನುತ್ತಿರಲಿಲ್ಲ. ತೂಕ ಏರದಿದ್ದರೆ ರಕ್ತಪರೀಕ್ಷೆ ಮಾಡಿಸೋಣವೆಂದು ಡಾಕ್ಟರು ಹೇಳಿದ್ದರು. ಅಂದಿನಿಂದ ನನಗೂ ಅನ್ನ ಇಳಿಯುತ್ತಿರಲಿಲ್ಲ. ಕುದಿಸಿದ ನೀರಿನ ಥರ್ಮಾಸು, ಗಂಜಿಯ ಡಬ್ಬಿ, ಚಮಚ, ಚಮಚ ತೊಳೆಯಲು ಬೇರೆ ಬಿಸಿನೀರು, ಎಲ್ಲ ಹೊತ್ತು ಹೊರಟೆ.

"ಹೋಟೆಲಿಗೆ ಗಂಜಿ ಕಟ್ಟಿಕೊಂಡು ಹೋಗುವವಳನ್ನು ಇವತ್ತೇ ಕಂಡದ್ದು ಮಾರಾಯ್ತಿ!" ಎಂದರು ವಾರಿಜತ್ತೆ.

ಠಾಣೆಯಲ್ಲಿ ಮಾವ ಎರಡು ಪ್ಲೇಟ್ ಬನ್ಸ್ ಮುಗಿಸಿ, "ಬಾಳೆಹಣ್ಣು ಇನ್ನೂ ಸ್ವಲ್ಪ ಕಳಿಯಬೇಕಿತ್ತು," ಎಂದು ತೀರ್ಪು ಕೊಟ್ಟರು. ನಾನು ಬಾಯಿಗಿಟ್ಟ ಗಂಜಿಯನ್ನು ರಿತೇಶ್ ವಾರಿಜತ್ತೆಯ ಸೀರೆಗೆ ಉಗಿದ.

ಡೊಂಬಿವಲಿಯ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಊಟ ಮುಗಿಸಿ ಕೈತೊಳೆದ ಮಾವ ಕೈ ಒರೆಸಿದ ಬೈರಾಸನ್ನು ಭುಜದ ಮೇಲೆ ಹಾಕಿಕೊಂಡು ಬರುತ್ತಿದ್ದರು. ಪಕ್ಕದ ಮೇಜಿನವನು ಸಪ್ಲೈಯರನೆಂದು ತಿಳಿದು ಕರೆದ: "ಓ ಕಾಕಾ, ದೋನ್ ಥಾಳಿ, ಏಕ್ ಮಸಾಲಾ!"

ಮಾವನ ಕಾಲು ತಾನಾಗಿ ನಿಂತಿತು. ಅಡಿಗೆಮನೆಯ ಕಡೆ ತಿರುಗಿ ರಾಗವಾಗಿ ಕೂಗಿಯೇಬಿಟ್ಟರು: "ದೋನ್ ಥಾಳೀ... ಏಕ್ ಮಸಾಲಾ!" ಕೂಗಿದ್ದಲ್ಲದೆ ಬೈರಾಸಿನಿಂದ ಮೇಜು ಒರೆಸಿದರು. ಒಳಗಿನಿಂದ ಎರಡು ಊಟವೂ ಮಸಾಲೆ ದೋಸೆಯೂ ಬಂದವು!

ಗಲ್ಲಾದಲ್ಲಿದ್ದ ಧಣಿಗೆ ಹಳೆಯ ಗುರುತು. "ಯಜ್ಞಣ್ಣ, ನಾಳೆಯಿಂದ ಬರ್ತೀರೋ ಹೇಗೆ?" ಎಂದರು.

ಇದನ್ನೆಲ್ಲ ನೋಡುತ್ತಿದ್ದ ರಿತೇಶ್ ಕೇಕೆ ಹಾಕಿ ನಕ್ಕ. ಮಾವ ಬಂದು ಅವನ ಮುಂದೆ ಬಾಗಿ ನಿಂತು ಕೇಳಿದರು: "ಸೇಟ್, ನಿಮಗೇನು ಬೇಕು?"

ಅವನು ನನ್ನ ಡಬ್ಬಿಗೆ ಬೆರಳು ತೋರಿಸಿದ.

"ಏಕ್ ಗಂಜೀ... ಜಲ್ದೀ!" ಡಬ್ಬಿ ಎತ್ತಿಕೊಂಡು ಒಳಗೆ ಹೋದ ಮಾವ, ಗಂಜಿಯನ್ನು ಹೋಟೆಲಿನ ಸ್ಟೀಲ್ ಬಟ್ಟಲಿಗೆ ಸುರಿದು ತಂದು ಟಕ್ಕೆಂದು ಇಟ್ಟರು. ಹುಡುಗ ಬಾಯಿ ತೆರೆದ. ಇನ್ನೊಂದು ತುತ್ತು. ಮತ್ತೊಂದು.

"ಆ ಬಟ್ಟಲನ್ನು ಯಾವ ನೀರಿನಲ್ಲಿ ತೊಳೆದದ್ದೋ..." ಎಂದು ಎದ್ದೆ. ವಾರಿಜತ್ತೆ ಸೆರಗು ಹಿಡಿದು ಕೂರಿಸಿದರು.

"ಸುಮ್ಮನಿರು. ಒಳಗೆ ಹೋಗ್ತಾ ಉಂಟು."

ಬಟ್ಟಲು ಖಾಲಿ. ಕಲ್ಯಾಣದಲ್ಲೂ ಇದೇ ಸೇವೆ ನಡೆಯಿತು. ಸೇಟರು ಅರ್ಧ ಗೋಳಿಬಜೆಯನ್ನೂ ತಿಂದರು. ರಾತ್ರಿಯಿಡೀ ನಾನು ಅವನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ಏನೂ ಆಗಲಿಲ್ಲ.

ಮರುದಿನ ಗಂಜಿ ತಂದರೆ ಮತ್ತೆ ತುಟಿ ಬಿಗಿ. ಇವರು ಆಫೀಸಿಗೆ ಹೋಗಿಯಾಗಿತ್ತು. ನಾನು ಬಾಗಿಲು ಮುಚ್ಚಿ, ಟವೆಲನ್ನು ಭುಜಕ್ಕೇರಿಸಿ, ಮೆಲ್ಲನೆ "ಏಕ್ ಗಂಜಿ" ಎಂದೆ.

"ಜೋರ್ ಸೇ!" ಎಂದ ರಿತೇಶ್.

"ಏಕ್ ಗಂಜೀ... ಜಲ್ದೀ!"

ಎದುರು ಮನೆಯ ಬಾಗಿಲು ತೆರೆಯಿತು. "ಕಾಯ್ ಝಾಲಂ?" ಏನಾಯಿತೆಂದು ಕೇಳುವ ನೆರೆಯವಳ ಗಾಬರಿಯ ದನಿ. ಉತ್ತರ ಕೊಡಲು ನನಗೆಲ್ಲಿ ಪುರುಸೊತ್ತು? ಅಷ್ಟರಲ್ಲೇ ಗಂಜಿ ಮುಗಿಸಿದ್ದ ಸೇಟರು ಖಾಲಿ ಬಟ್ಟಲನ್ನು ನೆಲಕ್ಕೆ ಕುಟ್ಟಿ ಕರೆಯುತ್ತಿದ್ದರು:

"ಔರ್ ಏಕ್!"

ಟವೆಲು ಸರಿಮಾಡಿಕೊಂಡು ಒಳಗೆ ಓಡಿದೆ.