ಅಗ್ಗದ ಟಿಪ್ ಮತ್ತು ಶರಣಪ್ಪನವರ ಕೈ

ಹನ್ನೊಂದು ವರ್ಷಗಳಿಂದ ನಾನು ಯಾರ ಕಣ್ಣಿಗೆ ಬೀಳಬಾರದೆಂದು ರಸ್ತೆ ಬದಲಿಸಿ ಓಡಾಡುತ್ತಿದ್ದೆನೋ, ಆ ಮನುಷ್ಯರೇ ಹೋದ ವಾರ ಮಲ್ಕಾಜ್‌ಗಿರಿಯ ನಮ್ಮ ಮನೆಯ ಬೆಲ್ ಒತ್ತಿದರು. ಜಗಳಕ್ಕೆ ಬಂದಿರಲಿಲ್ಲ. ಸಲಹೆ ಕೇಳಲು ಬಂದಿದ್ದರು.

ಹೆಸರು ಶರಣಪ್ಪ. ಗಂಗಾವತಿ ಕಡೆಯವರು. ನಾನು ಖರೀದಿ ವಿಭಾಗದಲ್ಲಿದ್ದ ಸರ್ಕಾರಿ ಕಾರ್ಖಾನೆಯಲ್ಲಿ ಅವರು ಟರ್ನರ್. ಲೇತ್ ಮೇಲೆ ಲೋಹ ಕಡೆಯುವ ಕೆಲಸ. ಇಬ್ಬರೂ ಈಗ ರಿಟೈರ್ಡ್.

"ಸಾಹೇಬ್ರ, ಮಗಳು ಜೀಡಿಮೆಟ್ಲಾ ಇಂಡಸ್ಟ್ರಿಯಲ್ ಏರಿಯಾದಾಗ ಸಣ್ಣ ಶೆಡ್ ಹಾಕ್ಯಾಳ್ರಿ. ಹಳೇ ಲೇತ್ ಒಂದು ತಗೊಂಡಾಳ. ಡಿಪ್ಲೊಮಾ ಮುಗಿಸಿ ಇಷ್ಟು ದಿನ ಬ್ಯಾರೆಯವರ ಕಡೆ ದುಡದ್ಲು, ಈಗ ಸ್ವಂತ ಮಾಡಾಕತ್ತಾಳ. ಟಿಪ್ ಯಾವುದು ತಗೊಂಡ್ರ ಬಾಳಿಕಿ ಬರ್ತಾವ ಅಂತ ನೀವು ಹೇಳಬೇಕು. ಜೀವನಪೂರ್ತಿ ಖರೀದಿ ಮಾಡಿದ ಮನಷ್ಯಾರು ನೀವು."

ನಾನು ಟೀ ಲೋಟವನ್ನು ಕೆಳಗಿಟ್ಟೆ.

(ಟಿಪ್ ಅಂದರೆ ಹೋಟೆಲಿನ ಟಿಪ್ ಅಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಗಟ್ಟಿ ಕಾರ್ಬೈಡ್ ಬಿಲ್ಲೆ. ಹೋಲ್ಡರ್‌ಗೆ ಸ್ಕ್ರೂ ಹಾಕಿ ಕೂರಿಸಿದರೆ ಉಕ್ಕನ್ನೂ ಸೌತೆಕಾಯಿ ಸಿಪ್ಪೆಯಂತೆ ಸುಲಿಯುತ್ತದೆ. ಒಂದು ಮೂಲೆ ಸವೆದರೆ ಸ್ಕ್ರೂ ಸಡಿಲಿಸಿ, ತಿರುಗಿಸಿ, ಮುಂದಿನ ಮೂಲೆಯಿಂದ ಕೆಲಸ ತೆಗೆಯಬಹುದು. ಸಾಣೆ ಹಿಡಿಯುವ ತಾಪತ್ರಯವಿಲ್ಲ.)

ನನ್ನ ಚೌಕಾಶಿ ಬುದ್ಧಿ ನಿಮಗೆ ಗೊತ್ತೇ ಇದೆ. ಬದನೆಕಾಯಿಗೂ ಮೂರು ಕೊಟೇಶನ್ ಕೇಳುವವನು ಎಂದು ಹೆಂಡತಿ ಆಡಿಕೊಳ್ಳುವುದನ್ನು ಈ ಅಂಕಣದಲ್ಲೇ ಬರೆದಿದ್ದೆ. ನೀವೂ ನಕ್ಕಿದ್ದಿರಿ. ಅದೇ ಬುದ್ಧಿಯ ಇನ್ನೊಂದು ಮುಖವನ್ನು ಇವತ್ತು ಹೇಳಬೇಕಾಗಿದೆ.

ಬಂದ್ ಇಲ್ಲದ ದಿನ ನೋಡಿ (ಈಚೆಗೆ ನಮ್ಮೂರಲ್ಲಿ ಅಂಥ ದಿನ ಹುಡುಕುವುದೂ ಕಷ್ಟ) ಇಬ್ಬರೂ ಹಾರ್ಡ್‌ವೇರ್ ಅಂಗಡಿಗಳ ರಾಣಿಗಂಜ್‌ಗೆ ಹೋದೆವು. ಅಂಗಡಿಯವ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ. "ಯೇ ಲೇಲೋ ಸಾಬ್, ಛೇ ಕೋನೇ ವಾಲಾ" ಎಂದ. ಎರಡೂ ಬದಿ ಉಪಯೋಗಿಸಬಹುದು, ಒಟ್ಟು ಆರು ಮೂಲೆ. ಬೆಲೆಯೂ ಕಡಿಮೆ. ನನ್ನ ಕೈ ತಾನಾಗಿಯೇ ಆ ಡಬ್ಬಿಯ ಕಡೆ ಹೋಯಿತು.

ಶರಣಪ್ಪ ತಲೆ ಅಲ್ಲಾಡಿಸಿದರು. "ಅದು ದೊಡ್ಡ ಮಷಿನ್‌ಗೆ ಬೇಕ್ರಿ. ಭಾಳ ಒತ್ತತೈತಿ. ನಮ್ಮ ಸಣ್ಣ ಲೇತ್ ನಡುಗತೈತಿ, ನಡುಗಿದ್ರ ಮೂಲಿ ಒಡೀತಾವ. ಆರು ಇದ್ದು ಏನ್ ಮಾಡೂದು? ಮೂರೇ ಇರಲಿ, ಮೂರೂ ದುಡೀಲಿ."

ಸಲಹೆ ಕೇಳಲು ಬಂದವರು ಯಾರು, ಕೊಡುತ್ತಿರುವವರು ಯಾರು?

ಹೋಲ್ಡರ್‌ನ ಸ್ಕ್ರೂ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿದರು. ಅದು ಕಳೆದರೆ ಹೋಲ್ಡರ್ ಇಡಿಯಾಗಿ ದಂಡ. ಆಮೇಲೆ ಬಟ್ಟೆ ಚೀಲದಿಂದ ಮೈಕ್ರೋಮೀಟರ್ ತೆಗೆದು, ಮುಕ್ಕೋನದ ಟಿಪ್ ಒಂದನ್ನು ಹಿಡಿದು, ಒಂದೊಂದು ಮೂಲೆಯಿಂದಲೂ ಎದುರು ಬದಿಗೆ ಅಳೆದರು. ಮೊದಲ ಡಬ್ಬಿ ವಾಪಸ್. ಎರಡನೆಯದೂ ವಾಪಸ್. ಅಂಗಡಿಯವ ಗೊಣಗಿದ. ಇವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮೂರನೆಯ ಡಬ್ಬಿ ಎಲ್ಲಕ್ಕಿಂತ ಅಗ್ಗದ್ದೂ ಅಲ್ಲ, ದುಬಾರಿಯದೂ ಅಲ್ಲ. ಅದನ್ನೇ ಆರಿಸಿದರು.

"ಮೂರೂ ಮೂಲಿ ಒಂದ ಸಮ ಇರಬೇಕ್ರಿ ಸಾಹೇಬ್ರ. ಇಲ್ಲಂದ್ರ ತಿರುಗಿಸಿದಾಗೊಮ್ಮೆ ಸೈಜ್ ಹಾರತೈತಿ."

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಇದೇ ಬಾಯಿಂದ. ಹನ್ನೊಂದು ವರ್ಷದ ಹಿಂದೆ.

ಆ ವರ್ಷ ಎಂದಿನ ಕಂಪನಿಯ ಟಿಪ್ ಬಿಟ್ಟು ಹೊಸಬರೊಬ್ಬರ ಅಗ್ಗದ ಟಿಪ್ ತರಿಸಿದವನು ನಾನು. ಕಾಗದದ ಮೇಲೆ ಎಲ್ಲ ಸರಿಯಿತ್ತು. ಉಳಿತಾಯ ಮಾಡಿದೆನೆಂದು ಮೀಟಿಂಗಿನಲ್ಲಿ ನನ್ನ ಬೆನ್ನು ತಟ್ಟಿದ್ದರು. ತಿಂಗಳೊಳಗೆ ಶರಣಪ್ಪನವರ ಲೇತ್‌ನಿಂದ ಬಂದ ಶಾಫ್ಟ್‌ಗಳು ಒಂದರ ಹಿಂದೊಂದು ರಿಜೆಕ್ಟ್ ಆದವು. ಅತಿ ನಾಜೂಕಿನ ಕೆಲಸಗಳೆಲ್ಲ ಹೋಗುತ್ತಿದ್ದದ್ದು ಅವರ ಕೈಗೇ. ಹಾಗಾಗಿ ಕೆಟ್ಟದ್ದೂ ಅವರ ಕೈಯಲ್ಲೇ.

ಅವರು ತಂಬಾಕಿನ ಡಬ್ಬಿಯಲ್ಲಿ ಟಿಪ್‌ಗಳನ್ನು ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತಿದ್ದರು. ಸೈಜ್ ಹಾರುತ್ತದೆ ಅಂದಿದ್ದರು. ನಾನು ತಲೆಯೆತ್ತದೆ, "ಕಾಗದದ ಪ್ರಕಾರ ಎಲ್ಲಾ ಸರಿ ಐತೆಲ್ರಿ. ನಿಮ್ಮ ಕೈ ನೋಡ್ಕೊಳ್ರಿ" ಅಂದಿದ್ದೆ. ಅವರು ಹೋದ ಮೇಲೆ ಡಬ್ಬಿಯನ್ನು ಅಳತೆಗೆಂದು ಟೂಲ್ ರೂಮಿಗೆ ಕಳಿಸಿದೆ.

ಉತ್ತರ ಬರುವಷ್ಟರಲ್ಲಿ ಶರಣಪ್ಪನವರಿಗೆ ಕೈ ಕೆಟ್ಟಿದೆಯೆಂದು ಮೆಮೋ ಹೋಗಿತ್ತು. ಲೇತ್ ಬಿಡಿಸಿ ಸ್ಟೋರ್ಸಿನ ಕೌಂಟರಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸಕ್ಕೆ ಹಾಕಿದ್ದರು. ಉತ್ತರ ಏನಿತ್ತು? ಟಿಪ್‌ನ ಮೂರು ಮೂಲೆಗೆ ಮೂರು ಅಳತೆ.

ಆ ಟಿಪ್ಪಣಿಯನ್ನು ಫೈಲಿನ ತಳಕ್ಕೆ ತಳ್ಳಿದೆ. ಮೇಲಕ್ಕೆ ಕಳಿಸಿದ್ದರೆ ತರಿಸಿದವರು ಯಾರು ಅನ್ನುವ ಪ್ರಶ್ನೆ ಬರುತ್ತಿತ್ತಲ್ಲ? ಪ್ರಮೋಷನ್ ಹತ್ತಿರವಿತ್ತು. ಸದ್ದಿಲ್ಲದೆ ಹಳೆಯ ಕಂಪನಿಯಿಂದಲೇ ಮತ್ತೆ ಟಿಪ್ ತರಿಸಿದೆ.

ರಿಜೆಕ್ಷನ್ ನಿಂತಿತು. ಎಲ್ಲರೂ ಏನಂದುಕೊಂಡರು? ಶರಣಪ್ಪ ಹೋದರು, ಕೆಲಸ ಸುಧಾರಿಸಿತು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅವರ ಕೌಂಟರ್ ಮುಂದೆ ಹಾದುಹೋಗುವುದನ್ನು ಬಿಟ್ಟೆ.

ರಾಣಿಗಂಜ್‌ನಿಂದ ಅವರು ನನ್ನನ್ನು ಬಿಡಲಿಲ್ಲ. ಶೆಡ್ ನೋಡಲೇಬೇಕೆಂದು ಜೀಡಿಮೆಟ್ಲಾಕ್ಕೆ ಕರೆದುಕೊಂಡು ಹೋದರು. ತಗಡಿನ ಮಾಡು. ಪಕ್ಕದ ಫ್ಯಾಕ್ಟರಿಗಳ ಔಷಧಿ ವಾಸನೆ. ಮಗಳು ಮಹಾದೇವಿ ಹೊಸ ಟಿಪ್ ಕೂರಿಸಿ, ಲೇತ್ ಚಾಲೂ ಮಾಡಿ ಶಾಫ್ಟ್ ಒಂದರ ಮೇಲೆ ಒಂದು ಕಟ್ ತೆಗೆದಳು. ಶರಣಪ್ಪ ಮೆಷಿನ್‌ನಿಂದ ಮೂರು ಹೆಜ್ಜೆ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ನೀವೂ ಒಂದು ಕಟ್ ತೆಗೀರಲ್ಲ" ಅಂದೆ.

"ಅಪ್ಪ ಮುಟ್ಟೂದಿಲ್ಲ ಅಂಕಲ್" ಅಂದಳು ಮಹಾದೇವಿ. "ಎಷ್ಟ್ ಸಲ ಕೇಳೀನಿ. ನನಗ ಆರ್ಡರ್ ಭಾಳ ಅದಾವ, ಒಬ್ಬಾಕಿ ಕಡಿಂದ ಆಗಂಗಿಲ್ಲ. ಅಪ್ಪ ಮಷಿನ್ ಮುಂದ ನಿಂತ್ರ ಮಾತ್ರ ಶೆಡ್ ನಡೀತೈತಿ."

"ಬ್ಯಾಡವಾ" ಅಂದರು ಶರಣಪ್ಪ. ನನ್ನ ಕಡೆ ತಿರುಗಿ, "ನನ್ನ ಕೈ ಕೆಟ್ಟೈತ್ರಿ ಸಾಹೇಬ್ರ. ನಿಮಗ ಗೊತ್ತಿಲ್ಲೇನು? ಮೊದಲು ನಾನೂ ನಂಬಿರಲಿಲ್ಲ. ಆದ್ರ ನಾ ಲೇತ್ ಬಿಟ್ಟ ಮ್ಯಾಲೆ ರಿಜೆಕ್ಷನ್ ನಿಂತs ಹೋತಲ್ರಿ. ಅದಕ್ಕಿಂತ ಸಾಕ್ಷಿ ಏನ್ ಬೇಕು? ಇಕಿ ಮಾಲು ಕೆಡಸಾಕ ನನಗ ಮನಸಿಲ್ಲ."

ಮೆಮೋ ಕೊಟ್ಟಿದ್ದಾರೆಂದು ಕೋಪವಿದ್ದೀತು, ಶಾಪ ಹಾಕಿದ್ದಾರು ಎಂದೆಲ್ಲ ನಾನು ಇಷ್ಟು ವರ್ಷ ಹೆದರಿದ್ದೆ. ಅವರು ಮೆಮೋದ ಮಾತನ್ನೇ ನಂಬಿಬಿಟ್ಟಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹೇಳಿದೆ. ಲೇತ್ ಸದ್ದಿನ ಮೇಲೆ ಜೋರಾಗಿ ಹೇಳಬೇಕಾಯಿತು. ಮಹಾದೇವಿ ಕೈ ಚಾಚಿ ಸ್ವಿಚ್ ಆರಿಸಿದಳು. ಮಿಕ್ಕದ್ದನ್ನು ಆ ಮೌನದಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಅಗ್ಗದ ಟಿಪ್, ಟೂಲ್ ರೂಮಿನ ಟಿಪ್ಪಣಿ, ಫೈಲಿನ ತಳ, ಪ್ರಮೋಷನ್. ಒಂದನ್ನೂ ಬಿಡಲಿಲ್ಲ.

ಶರಣಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಫರಕ್ ಇತ್ರಿ?"

"ಒಂದು ಮೂಲಿಯಿಂದ ಇನ್ನೊಂದಕ್ಕ ಒಂದು ಕೂದಲಿನಷ್ಟು."

"ಹೌದಲ್ಲ? ಫೋರ್ಮನ್‌ಗ ನಾನೂ ಅಷ್ಟs ಹೇಳಿದ್ದೆ." ಹೆಬ್ಬೆರಳಿಗೆ ತೋರುಬೆರಳು ಉಜ್ಜುತ್ತ ಮತ್ತೆ ಅಂದರು, "ಅಷ್ಟs ಹೇಳಿದ್ದೆ."

"ಆವಾಗ ಯಾಕ ಹೇಳಲಿಲ್ಲ ಅಂಕಲ್?" ಅಂದಳು ಮಹಾದೇವಿ. "ಹನ್ನೊಂದ್ ವರ್ಷ ಅಪ್ಪ ಮನಿಯಾಗ ಒಂದು ಸ್ಕ್ರೂ ಸೈತ ತಿರುಗಿಸಿಲ್ಲ. ಬಲ್ಬ್ ಹೋದ್ರೂ ನನ್ನ ಕರೀತಾನ."

ಕೈ ಮುಗಿದೆ. ಶರಣಪ್ಪ ಆ ಕೈಗಳನ್ನು ನೋಡಿಯೂ ನೋಡದಂತೆ ಲೇತ್ ಹತ್ತಿರ ಹೋದರು. ಮಗಳು ಕಡೆದ ಶಾಫ್ಟ್ ಮೇಲೆ ಬೆರಳಾಡಿಸಿದರು. ಸ್ವಿಚ್ ಮುಟ್ಟಲಿಲ್ಲ.

"ತೆಗೀ ಅಪ್ಪಾ, ಒಂದು ಕಟ್" ಅಂದಳು ಅವಳು.

"ಇವತ್ತ ಬ್ಯಾಡ."

ಆಮೇಲೆ ನನ್ನ ಕಡೆ ನೋಡಿದರು. ಕೋಪದಿಂದಲ್ಲ. ಅಳತೆ ನೋಡುವ ಹಾಗೆ.

"ಬಾಯಿಮಾತು ಬ್ಯಾಡ್ರಿ ಸಾಹೇಬ್ರ. ನನ್ನ ಕೈ ಕೆಟ್ಟೈತಿ ಅಂತ ಬರದು ಕೊಟ್ಟಿದ್ರು. ಕೆಟ್ಟಿರಲಿಲ್ಲ ಅಂತ ನೀವೂ ಬರದ ಕೊಡ್ರಿ. ಪೇಪರ್‌ನಾಗ ಬರೀತೀರಂತಲ್ಲ, ಅದರಾಗ ಬರೀರಿ. ಅವತ್ತು ನಕ್ಕವರು ಇನ್ನೂ ಇದಾರ, ಓದತಾರ. ಅದನ್ನ ಓದಿದ ಮ್ಯಾಲೆ ನೋಡೂಣು, ಮಷಿನ್ ಮುಟ್ಟೂದು."

ಟೀ ಕೊಡಲಿಲ್ಲ. ಬಾಗಿಲ ತನಕ ಬರಲೂ ಇಲ್ಲ. ಕೊಡಬೇಕಾಗಿಯೂ ಇರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಬಾಳಿಕೆ ಬರುವ ಟಿಪ್ ಆರಿಸುವುದು ಹೇಗೆಂದು ಓದುಗರಲ್ಲಿ ಯಾರಾದರೂ ಕೇಳಿದರೆ ನನ್ನನ್ನು ಕೇಳಬೇಡಿ. ಜೀಡಿಮೆಟ್ಲಾದ ಆ ಶೆಡ್‌ನಲ್ಲಿ ಕೇಳಿ. ಬೆಲೆಯ ಚೀಟಿಯಲ್ಲಿ ಕಾಣದ ಖರ್ಚನ್ನು ಯಾರ ಕೈ ತೆರುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಈಗ ಬರೆದುಕೊಡುತ್ತಿದ್ದೇನೆ, ಅವರು ಕೇಳಿದ ಹಾಗೆಯೇ. ಶರಣಪ್ಪನವರ ಕೈ ಅಂದು ಕೆಟ್ಟಿರಲಿಲ್ಲ. ನಾನು ತರಿಸಿದ ಟಿಪ್ ಕೆಟ್ಟಿತ್ತು, ಅದು ನನಗೆ ಗೊತ್ತಿತ್ತು.

ಆಗಲೇ ಇದನ್ನು ಬರೆಯಲು ಅರ್ಧ ಹಾಳೆ ಕಾಗದ ಸಾಕಿತ್ತು. ನಾನು ಅದನ್ನೂ ಉಳಿಸಿದೆ.